ಲಿಫ್ಟ್ ಆದ ಗಾಡಿಯ ಸ್ಟೀರಿಂಗ್‌ಗೆ ಏನು ಹಾಕಿಸಬೇಕು? ಮೊದಲು ಕೋನ, ಆಮೇಲೆ ದಪ್ಪ

ಗಾಡಿ ಎತ್ತರಿಸಿದ ಖುಷಿ ಮೊದಲ ಸಲ ಹೈವೇಗೆ ಇಳಿಯುವವರೆಗೆ ಮಾತ್ರ. ಗಾಡಿ ನೆಟ್ಟಗೆ ಹೋಗುತ್ತಿದೆ, ಆದರೆ ಸ್ಟೀರಿಂಗ್ ಚಕ್ರ ಒಂದು ಕಡೆ ವಾಲಿದೆ. ಸಣ್ಣ ಗುಂಡಿ ಸಿಕ್ಕರೆ ಸಾಕು, ಗಾಡಿ ತಾನಾಗಿ ಪಕ್ಕಕ್ಕೆ ಹಾರುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನೇ ವಾಪಸ್ ಬರುವುದಿಲ್ಲ, ಕೈಯಿಂದ ತರಬೇಕು. ಆಗ ಶುರು ಸಲಹೆಗಳ ಸುರಿಮಳೆ. ಒಬ್ಬರು ಡ್ರಾಪ್ ಪಿಟ್‌ಮನ್ ಆರ್ಮ್ (ಸ್ಟೀರಿಂಗ್ ಬಾಕ್ಸ್‌ನಿಂದ ಹೊರಬರುವ ತೋಳು, ಹೆಚ್ಚು ಕೆಳಗೆ ಚಾಚಿದ್ದು) ಹಾಕಿ ಅನ್ನುತ್ತಾರೆ. ಇನ್ನೊಬ್ಬರು ಅದನ್ನು ಮುಟ್ಟಲೇಬೇಡಿ, ಡ್ರ್ಯಾಗ್ ಲಿಂಕ್ (ಆ ಆರ್ಮ್‌ನಿಂದ ಚಕ್ರದ ಕಡೆಗೆ ಹೋಗುವ ಸರಳು) ಫ್ಲಿಪ್ ಮಾಡಿಸಿ ಅನ್ನುತ್ತಾರೆ. ಮೂರನೆಯವರು ಒಂದು ದೊಡ್ಡ ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗ್‌ನ ಅದುರಾಟ ತಡೆಯುವ ಶಾಕ್ ಅಬ್ಸಾರ್ಬರ್) ಹಾಕಿ ಸುಮ್ನಿರಿ ಅನ್ನುತ್ತಾರೆ.

ಅವರವರ ಗಾಡಿಯ ಮಟ್ಟಿಗೆ ಮೂವರೂ ಸರಿ ಇರಬಹುದು. ನಿಮ್ಮ ಗಾಡಿಗೆ ಯಾವುದು ಹೊಂದುತ್ತದೆ ಎಂದು ಗೊತ್ತಾಗಬೇಕಾದರೆ ದುಡ್ಡು ತೆಗೆಯುವ ಮೊದಲು ಒಂದಷ್ಟು ಅಳತೆ ಮಾಡಿಕೊಳ್ಳಬೇಕು.

ಮೊದಲು ನೋಡಬೇಕಾದದ್ದು

ಮುಂದಿನ ಆಕ್ಸಲ್ ಯಾವ ಬಗೆಯದು? ಎರಡೂ ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್ ಹಿಡಿದಿದೆಯೋ, ಅಥವಾ ಎರಡೂ ಬೇರೆ ಬೇರೆಯಾಗಿ ಏರಿಳಿಯುವ ಇಂಡಿಪೆಂಡೆಂಟ್ ಸಸ್ಪೆನ್ಷನ್ನೋ? ಈ ಬರಹದ ಹೆಚ್ಚಿನ ಭಾಗ ಕಾಯಿಲ್ ಸ್ಪ್ರಿಂಗ್ ಇರುವ ಗಟ್ಟಿ ಆಕ್ಸಲ್ ಗಾಡಿಗಳದ್ದು. ಸ್ಟೀರಿಂಗ್ ಗೊಂದಲ ಜಾಸ್ತಿ ಇರುವುದೇ ಅಲ್ಲಿ. ಉಳಿದವಕ್ಕೆ ಕೊನೆಯಲ್ಲಿ ಬರುತ್ತೇನೆ.

ಎಷ್ಟು ಎತ್ತರಿಸಿದ್ದೀರಿ? ಲಿಫ್ಟ್ ಕಿಟ್ ಡಬ್ಬಿಯ ಮೇಲೆ ಬರೆದ ಇಂಚು ಲೆಕ್ಕಕ್ಕಿಲ್ಲ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಕೆಳಗೆ ತೂರಿ, ಫೋನಿನ ಲೆವೆಲ್ ಆಪ್ ತೆರೆದು ಡ್ರ್ಯಾಗ್ ಲಿಂಕ್ ಮೇಲೆ ಇಡಿ. ಎಷ್ಟು ಡಿಗ್ರಿ ಅಂತ ಬರೆದುಕೊಳ್ಳಿ. ಆಮೇಲೆ ಟ್ರ್ಯಾಕ್ ಬಾರ್ (ಚಾಸಿಸ್‌ನಿಂದ ಆಕ್ಸಲ್‌ಗೆ ಅಡ್ಡ ಹೋಗುವ ಸರಳು) ಮೇಲೆ ಇಡಿ. ಬಾರ್ ಬಾಗಿದ್ದರೆ ಅದರ ಎರಡು ತುದಿಯ ಬೋಲ್ಟ್‌ಗಳ ನಡುವೆ ನೇರ ಪಟ್ಟಿ ಹಿಡಿದು ಅಳೆಯಿರಿ, ಏಕೆಂದರೆ ಲೆಕ್ಕಕ್ಕೆ ಬರುವುದು ಬೋಲ್ಟ್‌ನಿಂದ ಬೋಲ್ಟ್‌ಗೆ ಎಳೆದ ಗೆರೆ. ಈ ಎರಡು ಅಂಕಿಗಳೇ ಅರ್ಧ ಉತ್ತರ.

ಟೈರ್ ಎಷ್ಟು ದೊಡ್ಡದು, ರಿಮ್ ಎಷ್ಟು ಹೊರಗೆ ಬಂದಿದೆ? ಸ್ಪೇಸರ್ ಹಾಕಿ ಅಥವಾ ನೆಗೆಟಿವ್ ಆಫ್‌ಸೆಟ್ ರಿಮ್ ಹಾಕಿ ಚಕ್ರವನ್ನು ಹೊರಗೆ ತಳ್ಳಿದಷ್ಟೂ ಪ್ರತಿ ಕಲ್ಲಿಗೂ ಸ್ಟೀರಿಂಗ್ ಎಳೆಯುವ ಬಲ ಏರುತ್ತದೆ. 33 ಇಂಚಿನ ಟೈರ್ ಒಳಗೆ ಕೂತಿದ್ದಕ್ಕೂ 35 ಇಂಚಿನದು ಹೊರಗೆ ಚಾಚಿದ್ದಕ್ಕೂ ಬಹಳ ವ್ಯತ್ಯಾಸವಿದೆ.

ಕೊನೆಯದು, ಪ್ರಾಮಾಣಿಕವಾಗಿ ಹೇಳಿಕೊಳ್ಳಬೇಕಾದದ್ದು: ಗಾಡಿ ಓಡುವುದು ಎಲ್ಲಿ? ಹತ್ತರಲ್ಲಿ ಒಂಬತ್ತು ದಿನ ಡಾಂಬರಿನ ಮೇಲೆ ಓಡುವ ಗಾಡಿಗೆ ಬಂಡೆ ಹತ್ತುವವರ ಸ್ಟೀರಿಂಗ್ ಹಾಕಿಸಿದರೆ ಒಂಬತ್ತು ದಿನವೂ ಕಿರಿಕಿರಿ. ಬಜೆಟ್ ಅಂದಾಗಲೂ ಬಿಡಿಭಾಗದ ಬೆಲೆಯೊಂದನ್ನೇ ನೋಡಬೇಡಿ. ವೆಲ್ಡಿಂಗ್, ನಕಲ್‌ಗೆ (ಚಕ್ರ ಕೂತು ಎಡಬಲಕ್ಕೆ ತಿರುಗುವ ಲೋಹದ ಭಾಗ) ರಂಧ್ರ ಕೊರೆಯುವ ಕೆಲಸ, ಅಲೈನ್‌ಮೆಂಟ್, ನಿಮ್ಮ ದೇಶದ ನೋಂದಣಿ ಮತ್ತು ವಿಮೆಯ ನಿಯಮ, ಇವೆಲ್ಲ ಅದರಲ್ಲೇ ಬರುತ್ತವೆ.

ಎತ್ತರಿಸಿದಾಗ ಕೆಳಗೆ ನಡೆಯುವುದೇನು

ಟ್ರ್ಯಾಕ್ ಬಾರ್‌ನ ಒಂದು ತುದಿ ಚಾಸಿಸ್‌ಗೆ, ಇನ್ನೊಂದು ಆಕ್ಸಲ್‌ಗೆ. ಆಕ್ಸಲ್ ಎಡಬಲಕ್ಕೆ ಸರಿಯದಂತೆ ಹಿಡಿಯುವುದು ಅದರ ಕೆಲಸ. ಚಾಸಿಸ್ ಮೇಲೆ ಹೋದರೆ ಬಾರ್ ಹೆಚ್ಚು ಓರೆಯಾಗುತ್ತದೆ, ಅಡ್ಡಳತೆ ಕಡಿಮೆಯಾಗುತ್ತದೆ, ಆಕ್ಸಲ್ ಅದರ ಚಾಸಿಸ್ ತುದಿಯ ಕಡೆಗೆ ಎಳೆದುಕೊಳ್ಳುತ್ತದೆ. ಲೆಕ್ಕ ಹಾಕಿ ನೋಡೋಣ. ಬಾರ್ 800 ಮಿ.ಮೀ. ಉದ್ದ, ಎರಡು ತುದಿಗಳ ಎತ್ತರದ ವ್ಯತ್ಯಾಸ ಮೊದಲು 100 ಮಿ.ಮೀ. ಇತ್ತು ಅಂದುಕೊಳ್ಳಿ. 2 ಇಂಚು ಎತ್ತರಿಸಿದರೆ ಆಕ್ಸಲ್ ಸುಮಾರು 8 ಮಿ.ಮೀ. ಸರಿಯುತ್ತದೆ. 3 ಇಂಚಿಗೆ 13, 4 ಇಂಚಿಗೆ 20 ಮಿ.ಮೀ. ಪ್ರತಿ ಇಂಚಿಗೂ ತೊಂದರೆ ಮೊದಲಿನದಕ್ಕಿಂತ ಸ್ವಲ್ಪ ಹೆಚ್ಚೇ ಆಗುತ್ತದೆ, ಅಲ್ವಾ? ನಿಂತ ಗಾಡಿಯಲ್ಲಿ ಇದನ್ನು ಸರಿಪಡಿಸಬಹುದು. ಓಡುವಾಗ ಪ್ರತಿ ಗುಂಡಿಗೂ ಆಕ್ಸಲ್ ಇದೇ ರೀತಿ ಅತ್ತಿತ್ತ ಜಾರುತ್ತಿರುತ್ತದೆ.

ಡ್ರ್ಯಾಗ್ ಲಿಂಕ್ ಕೂಡ ಹೀಗೇ ಒಂದು ಕಮಾನಿನಲ್ಲಿ ತೂಗುತ್ತದೆ. ಸ್ಟೀರಿಂಗ್ ಬಾಕ್ಸ್‌ನ ಪಿಟ್‌ಮನ್ ಆರ್ಮ್‌ನಿಂದ ಚಕ್ರದ ನಕಲ್‌ಗೆ ಹೋಗುವ ಸರಳು ಅದು. ಅದೂ ಟ್ರ್ಯಾಕ್ ಬಾರೂ ಒಂದಕ್ಕೊಂದು ಸಮಾನಾಂತರವಾಗಿ, ಹೆಚ್ಚುಕಡಿಮೆ ಒಂದೇ ಉದ್ದ ಇದ್ದರೆ ಎರಡೂ ಒಟ್ಟಿಗೆ ತೂಗುತ್ತವೆ, ಚಕ್ರ ತಿರುಗುವುದಿಲ್ಲ. ಕೋನ ಬೇರೆ ಬೇರೆ ಆದರೆ ಎತ್ತು ಏರಿಗೆ, ಕೋಣ ನೀರಿಗೆ. ಗುಂಡಿಗೆ ಬಿದ್ದಾಗಲೆಲ್ಲ ನೀವು ಸ್ಟೀರಿಂಗ್ ಮುಟ್ಟದಿದ್ದರೂ ಚಕ್ರ ತಿರುಗುತ್ತದೆ. ಇದಕ್ಕೇ ಬಂಪ್ ಸ್ಟಿಯರ್ ಅನ್ನುವುದು.

ಹಾಗಾಗಿ ಮುಂದೆ ಬರುವ ಯಾವ ಆಯ್ಕೆಯನ್ನಾದರೂ ಒಂದೇ ಪ್ರಶ್ನೆಯಿಂದ ಅಳೆಯಿರಿ: ಇದನ್ನು ಹಾಕಿದ ಮೇಲೆ ಆ ಎರಡು ಅಂಕಿಗಳು ಹತ್ತಿರ ಬರುತ್ತವೆಯೋ, ದೂರ ಹೋಗುತ್ತವೆಯೋ?

ಸ್ಟೀರಿಂಗ್ ಜೋಡಣೆ ಬದಲಿಸದೆ, ಹೊಂದಿಸುವುದು

2 ಇಂಚಿನವರೆಗಿನ ಲಿಫ್ಟ್‌ಗೆ ನಾನು ಮೊದಲು ಹೇಳುವುದು ಇದನ್ನೇ. ಉದ್ದ ಹೊಂದಿಸಬಹುದಾದ ಟ್ರ್ಯಾಕ್ ಬಾರ್ ಹಾಕಿ ಆಕ್ಸಲ್ ಮಧ್ಯಕ್ಕೆ ತನ್ನಿ. ಡ್ರ್ಯಾಗ್ ಲಿಂಕ್‌ನಲ್ಲಿರುವ ತಿರುಗಿಸುವ ಸ್ಲೀವ್ ಸಡಿಲಿಸಿ ಸ್ಟೀರಿಂಗ್ ಚಕ್ರ ನೆಟ್ಟಗೆ ಮಾಡಿ. ಇದನ್ನು ಅಂದಕ್ಕೆ ಮಾತ್ರ ಅಂತ ಬಿಡಬೇಡಿ. ಸ್ಟೆಬಿಲಿಟಿ ಕಂಟ್ರೋಲ್ ಇರುವ ಗಾಡಿಗಳಲ್ಲಿ ಸ್ಟೀರಿಂಗ್ ಎಷ್ಟು ತಿರುಗಿದೆ ಎಂದು ಸೆನ್ಸರ್ ನೋಡುತ್ತಿರುತ್ತದೆ. ಸ್ಟೀರಿಂಗ್ ಚಕ್ರ ವಾಲಿದ್ದರೆ ಗಾಡಿ ತಿರುಗುತ್ತಿದೆ ಎಂದು ಅದು ತಿಳಿದುಕೊಂಡು, ನೇರ ರಸ್ತೆಯಲ್ಲೇ ಬ್ರೇಕ್ ಹಿಡಿಯಬಹುದು.

ಇದರ ಜೊತೆಗೆ ಕ್ಯಾಸ್ಟರ್, ಅಂದರೆ ಚಕ್ರ ಎಡಬಲಕ್ಕೆ ತಿರುಗುವ ಅಕ್ಷ ಪಕ್ಕದಿಂದ ನೋಡಿದಾಗ ಎಷ್ಟು ಹಿಂದಕ್ಕೆ ವಾಲಿದೆ ಅನ್ನುವ ಕೋನ. ತಿರುವಿನ ನಂತರ ಸ್ಟೀರಿಂಗ್ ತಾನೇ ವಾಪಸ್ ಬರುವುದು ಕ್ಯಾಸ್ಟರ್ ಕೋನದಿಂದ. ಎತ್ತರಿಸಿದಾಗ ಆಕ್ಸಲ್ ಮುಂದಕ್ಕೆ ಉರುಳಿ ಈ ಕೋನ ಕಡಿಮೆಯಾಗುತ್ತದೆ. ಜೀಪ್ ರಾಂಗ್ಲರ್ ಜೆಕೆ ಕಾರ್ಖಾನೆಯಿಂದ ಬರುವುದೇ ಸುಮಾರು 4 ಡಿಗ್ರಿಯಲ್ಲಿ, ಅದರಲ್ಲೂ ಒಂದೆರಡು ಡಿಗ್ರಿ ಹೋದರೆ ಹೈವೇಯಲ್ಲಿ ಗಾಡಿ ಅಲೆದಾಡುತ್ತದೆ. ಆಫ್‌ಸೆಟ್ ಬುಷ್ ಹಾಕುವುದು ಅಗ್ಗದ ದಾರಿ, ಆದರೆ ಒಮ್ಮೆ ಒತ್ತಿ ಕೂರಿಸಿದ ಮೇಲೆ ಹೊಂದಿಸಲು ಜಾಗವಿಲ್ಲ. ಹೊಂದಿಸಬಹುದಾದ ಕಂಟ್ರೋಲ್ ಆರ್ಮ್ (ಆಕ್ಸಲನ್ನು ಚಾಸಿಸ್‌ಗೆ ಹಿಡಿಯುವ ಸರಳು) ದುಬಾರಿ, ಆದರೆ ಬೇಕಾದ ಕೋನಕ್ಕೆ ತಂದು ನಿಲ್ಲಿಸಬಹುದು. ಕ್ಯಾಸ್ಟರ್ ಹೆಚ್ಚಿಸಲು ಆಕ್ಸಲ್ ಹಿಂದಕ್ಕೆ ಉರುಳಿಸಿದರೆ ಮುಂದಿನ ಡಿಫರೆನ್ಷಿಯಲ್‌ನ ಮೂತಿ ಕೆಳಗೆ ಹೋಗುತ್ತದೆ, ಪ್ರೊಪೆಲ್ಲರ್ ಶಾಫ್ಟ್‌ನ ಜಾಯಿಂಟ್ ಹೆಚ್ಚು ಬಾಗುತ್ತದೆ. ಎರಡೂ ಪೂರ್ತಿ ಸಿಗುವುದಿಲ್ಲ. ರಸ್ತೆಯ ಗಾಡಿಯಾದರೆ ನಾನು ಕ್ಯಾಸ್ಟರ್ ಕಡೆಗೆ ವಾಲುತ್ತೇನೆ.

ಡ್ರಾಪ್ ಪಿಟ್‌ಮನ್ ಆರ್ಮ್

ಇದರ ಆಕರ್ಷಣೆ ಗೊತ್ತಾಗುವಂಥದ್ದೇ. ಒಂದೇ ಭಾಗ, ವೆಲ್ಡಿಂಗ್ ಇಲ್ಲ, ಒಂದು ಮಧ್ಯಾಹ್ನದ ಕೆಲಸ. ಪುಲ್ಲರ್ ಹಾಕಿ ಹಳೆಯ ಆರ್ಮ್ ಎಳೆದು ತೆಗೆಯಬೇಕು. ಸುತ್ತಿಗೆಯಿಂದ ಬಡಿದು ತೆಗೆಯುವವರ ಕೈಗೆ ಗಾಡಿ ಕೊಡಬೇಡಿ, ಆ ಏಟೆಲ್ಲ ಸ್ಟೀರಿಂಗ್ ಬಾಕ್ಸ್‌ನ ಬೇರಿಂಗ್‌ಗೆ ಹೋಗುತ್ತದೆ.

ತೊಂದರೆ ಇರುವುದು ಇನ್ನೊಂದು ಕಡೆ. ಇದು ಡ್ರ್ಯಾಗ್ ಲಿಂಕ್‌ನ ಮೇಲಿನ ತುದಿಯನ್ನು ಕೆಳಗೆ ತಂದು ಮಲಗಿಸುತ್ತದೆ, ಟ್ರ್ಯಾಕ್ ಬಾರ್ ಮಾತ್ರ ಓರೆಯಾಗಿಯೇ ಉಳಿಯುತ್ತದೆ. ಲಿಫ್ಟ್ ಆದಾಗ ಎರಡೂ ಸರಿಸುಮಾರು ಒಟ್ಟಿಗೇ ಓರೆಯಾಗಿದ್ದವು. ಈಗ ನೀವೇ ದುಡ್ಡು ಕೊಟ್ಟು ಅವನ್ನು ಬೇರೆ ಮಾಡಿದಿರಿ! ಹಾಗಾಗಿ ಇದನ್ನು ಹಾಕುವುದಾದರೆ ಟ್ರ್ಯಾಕ್ ಬಾರ್‌ನ ಚಾಸಿಸ್ ತುದಿಯನ್ನೂ ಅಷ್ಟೇ ಕೆಳಗಿಳಿಸುವ ಬ್ರಾಕೆಟ್ ಜೊತೆಗೆ ಬೇಕು. ಆ ಬ್ರಾಕೆಟ್ ಉದ್ದವಾದಷ್ಟೂ ಅದರ ಬುಡದ ಮೇಲೆ ತಿರುಚುವ ಬಲ ಹೆಚ್ಚು, ಅದಕ್ಕೊಂದು ಅಡ್ಡ ಆಸರೆ ಇರಲೇಬೇಕು. ಕೆಳಗೆ ಚಾಚಿದ ಪಿಟ್‌ಮನ್ ಆರ್ಮ್ ಸ್ಟೀರಿಂಗ್ ಬಾಕ್ಸ್‌ನ ಸೆಕ್ಟರ್ ಶಾಫ್ಟನ್ನೂ (ಆ ಆರ್ಮ್ ಕೂರುವ ಶಾಫ್ಟ್) ಹೆಚ್ಚು ಹಿಂಡುತ್ತದೆ. ಇನ್ನೊಂದು, ಟ್ರ್ಯಾಕ್ ಬಾರ್ ಕೆಳಗಿಳಿದರೆ ಮುಂಭಾಗದ ರೋಲ್ ಸೆಂಟರ್ (ತಿರುವಿನಲ್ಲಿ ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಕೂಡ ಇಳಿಯುತ್ತದೆ. ಗಾಡಿಯ ತೂಕ ಮೇಲೆ ಹೋಗಿದೆ, ರೋಲ್ ಸೆಂಟರ್ ಕೆಳಗಿದೆ, ತಿರುವಿನಲ್ಲಿ ವಾಲುವುದು ಜಾಸ್ತಿ.

ಇಷ್ಟಾದರೂ ಇದು ಕೆಟ್ಟ ಆಯ್ಕೆ ಅಲ್ಲ. 3 ಇಂಚಿನ ಆಸುಪಾಸು, ಟೈರ್ 33 ಇಂಚಿನೊಳಗೆ, ಮುಂದೊಂದು ದಿನ ಎಲ್ಲವನ್ನೂ ಬಿಚ್ಚಿ ಮೊದಲಿನಂತೆ ಮಾಡಿ ಮಾರುವ ಯೋಚನೆ ಇದ್ದವರಿಗೆ ಇದು ಸರಿ. ಜೋಡಿಯಾಗಿ ಹಾಕಿ, ಒಂಟಿಯಾಗಿ ಬೇಡ.

ಡ್ರ್ಯಾಗ್ ಲಿಂಕ್ ಫ್ಲಿಪ್

ಇಲ್ಲಿ ತಿರುಗುಮುರುಗು. ಮೇಲಿನ ತುದಿಯನ್ನು ಇಳಿಸುವ ಬದಲು ಕೆಳಗಿನ ತುದಿಯನ್ನು ಏರಿಸುವುದು. ನಕಲ್‌ನ ಕೆಳಗಿನಿಂದ ಕೂತಿದ್ದ ಡ್ರ್ಯಾಗ್ ಲಿಂಕ್ ತುದಿಯನ್ನು ಮೇಲಿನಿಂದ ಕೂರಿಸುತ್ತಾರೆ. ನಕಲ್‌ನ ರಂಧ್ರ ಒಂದೇ ಕಡೆಗೆ ಕಿರಿದಾಗುವ ಕೊಳವೆಯಂತೆ ಇರುವುದರಿಂದ ಅದನ್ನು ಕೊರೆದು, ಒಳಗೆ ತಲೆಕೆಳಗಾದ ಸ್ಲೀವ್ ಒಂದನ್ನು ಕೂರಿಸಬೇಕು. ಅದರ ಜೊತೆಗೆ ಟ್ರ್ಯಾಕ್ ಬಾರ್‌ನ ಆಕ್ಸಲ್ ತುದಿಯನ್ನೂ ಬ್ರಾಕೆಟ್ ಹಾಕಿ ಮೇಲೆತ್ತಬೇಕು.

ಸಿಗುವ ಲಾಭ ದೊಡ್ಡದು. ಎರಡೂ ಸರಳುಗಳು ಮಲಗುತ್ತವೆ, ಬಂಪ್ ಸ್ಟಿಯರ್ ಕಡಿಮೆಯಾಗುತ್ತದೆ. ರೋಲ್ ಸೆಂಟರ್ ಮೇಲೇರುವುದರಿಂದ ವಾಲುವುದೂ ಕಡಿಮೆ. ಕಲ್ಲಿಗೆ ತಾಗುವ ಜಾಗದಿಂದ ಡ್ರ್ಯಾಗ್ ಲಿಂಕ್ ಮೇಲೆ ಹೋಗುತ್ತದೆ. ಸ್ಟೀರಿಂಗ್ ಬಾಕ್ಸ್‌ಗೆ ಹೊಸ ಹೊರೆ ಇಲ್ಲ.

ಕೊಡಬೇಕಾದ ಬೆಲೆಯೂ ಇದೆ. ಕೊರೆದ ನಕಲ್ ಮತ್ತೆ ಮೊದಲಿನಂತಾಗುವುದಿಲ್ಲ. ಅಳತೆ ಸ್ವಲ್ಪ ತಪ್ಪಿ ಸ್ಲೀವ್ ಸಡಿಲ ಕೂತರೆ ಅದು ಜೀವಕ್ಕೆ ಸಂಬಂಧಿಸಿದ ವಿಷಯ. ಇನ್ನೊಂದು, ಮೇಲೆ ಬಂದ ಡ್ರ್ಯಾಗ್ ಲಿಂಕ್ ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ಚಾಸಿಸ್‌ಗೋ ಟ್ರ್ಯಾಕ್ ಬಾರ್‌ಗೋ ಬಡಿಯಬಹುದು. ಆದ್ದರಿಂದ ಬಂಪ್ ಸ್ಟಾಪ್ (ಸಸ್ಪೆನ್ಷನ್ ಒತ್ತುವುದಕ್ಕೆ ಮಿತಿ ಹಾಕುವ ತಡೆ) ಉದ್ದ ಮಾಡಬೇಕಾಗುತ್ತದೆ. 2 ಇಂಚಿನ ಲಿಫ್ಟ್‌ಗೆ ಇದನ್ನು ಮಾಡಿಸಿದರೆ ಲಾಭಕ್ಕಿಂತ ತಲೆನೋವೇ ಹೆಚ್ಚು. 4 ಇಂಚು ಮತ್ತು ಮೇಲೆ ಇದ್ದು, ಗಾಡಿ ನಿಮ್ಮ ಹತ್ತಿರವೇ ಉಳಿಯುತ್ತದೆ ಅನ್ನುವುದಾದರೆ ನನ್ನ ಮತ ಇದಕ್ಕೇ.

ಡ್ಯಾಂಪರ್ ಎಂಬ ನೋವಿನ ಗುಳಿಗೆ

ಇದರಲ್ಲಿ ನಾನೇ ಮೋಸ ಹೋಗಿದ್ದೇನೆ. ಎತ್ತರಿಸಿದ ಹಳೆಯ ಗಾಡಿ, ಗಂಟೆಗೆ 80 ಕಿ.ಮೀ. ವೇಗ, ಸೇತುವೆಯ ಜಾಯಿಂಟ್ ದಾಟಿದ ಕೂಡಲೇ ಮುಂದಿನ ಎರಡೂ ಚಕ್ರಗಳು ಹುಚ್ಚು ಹಿಡಿದಂತೆ ಎಡಬಲಕ್ಕೆ ಬಡಿದುಕೊಳ್ಳತೊಡಗಿದವು. ಸ್ಟೀರಿಂಗ್ ಹಿಡಿಯಲು ಆಗಲಿಲ್ಲ. ವೇಗ ಪೂರ್ತಿ ಇಳಿದ ಮೇಲೆಯೇ ನಿಂತಿತು. ಇದನ್ನೇ ಡೆತ್ ವಾಬಲ್ ಅನ್ನುತ್ತಾರೆ. ವರ್ಕ್‌ಶಾಪ್‌ನಲ್ಲಿ ದಪ್ಪನೆಯ ಡ್ಯಾಂಪರ್ ಹಾಕಿ ಕಳಿಸಿದರು. ಒಂದು ತಿಂಗಳು ನೆಮ್ಮದಿ. ಆಮೇಲೆ ಅದೇ ಕಥೆ, ಮೊದಲಿಗಿಂತ ಜೋರಾಗಿ.

ಕೊನೆಗೆ ಸಿಕ್ಕಿದ್ದು ಹೀಗೆ. ಗಾಡಿ ನೆಲದ ಮೇಲೇ ನಿಂತಿದೆ, ಎಂಜಿನ್ ಚಾಲೂ ಇದೆ, ಗೆಳೆಯ ಒಳಗೆ ಕೂತು ಸ್ಟೀರಿಂಗನ್ನು ಅಂಗೈಯಗಲ ಎಡಕ್ಕೆ, ಅಂಗೈಯಗಲ ಬಲಕ್ಕೆ ತಿರುಗಿಸುತ್ತಿದ್ದಾನೆ. ನಾನು ಕೆಳಗೆ ಮಲಗಿ ಒಂದೊಂದೇ ಜಾಯಿಂಟ್ ಮೇಲೆ ಬೆರಳಿಟ್ಟು ನೋಡುತ್ತಿದ್ದೆ. ಟ್ರ್ಯಾಕ್ ಬಾರ್‌ನ ಬೋಲ್ಟ್ ಹತ್ತಿರ ಬೆರಳಿಗೆ ಟಕ್ ಟಕ್ ಅಂತ ಗೊತ್ತಾಯಿತು. ಬೋಲ್ಟ್ ತಲೆಯ ಸುತ್ತ ಕಂದು ಬಣ್ಣದ ನುಣ್ಣನೆ ಪುಡಿ. ಬಿಚ್ಚಿದರೆ ಬ್ರಾಕೆಟ್‌ನ ರಂಧ್ರ ದುಂಡಗಿರಲಿಲ್ಲ, ಮೊಟ್ಟೆಯಾಕಾರ. ಲಿಫ್ಟ್ ಹಾಕಿದ ದಿನ ಬೋಲ್ಟ್ ಸರಿಯಾಗಿ ಬಿಗಿದಿರಲಿಲ್ಲ, ಅಷ್ಟೇ.

ಡ್ಯಾಂಪರ್ ಕೆಟ್ಟದ್ದಲ್ಲ. ದೊಡ್ಡ ಟೈರ್ ಕಲ್ಲಿಗೆ ಹೊಡೆದಾಗ ಕೈಗೆ ಬರುವ ಒದೆತ ಕಡಿಮೆ ಮಾಡುತ್ತದೆ. ಆದರೆ ಸಡಿಲವಾದ ಬುಷ್, ಸವೆದ ಬಾಲ್ ಜಾಯಿಂಟ್, ಬ್ಯಾಲೆನ್ಸ್ ಇಲ್ಲದ ಟೈರ್, ಕಡಿಮೆ ಕ್ಯಾಸ್ಟರ್, ಇವನ್ನು ಅದು ಮುಚ್ಚಿಡುತ್ತದೆ, ವಾಸಿ ಮಾಡುವುದಿಲ್ಲ. ಡ್ಯಾಂಪರ್ ಬಿಚ್ಚಿಟ್ಟು ನಿಧಾನ ವೇಗದಿಂದ ಏರುತ್ತಾ ಓಡಿಸಿದಾಗಲೂ ಗಾಡಿ ಶಾಂತವಾಗಿದ್ದರೆ, ಆಗ ಹೊಸ ಡ್ಯಾಂಪರ್ ಕೊಳ್ಳಿ.

ದಪ್ಪ ಟೈ ರಾಡ್: ಉಕ್ಕೋ ಅಲ್ಯೂಮಿನಿಯಮ್ಮೋ, ಯಾವ ತುದಿ

ಕೋನ ಸರಿಯಾದ ಮೇಲೆಯೇ ಬಲದ ಮಾತು. ದೊಡ್ಡ ಟೈರ್ ಕಲ್ಲಿಗೆ ಸಿಕ್ಕಿಕೊಂಡಾಗ ಕಾರ್ಖಾನೆಯ ಟೈ ರಾಡ್ (ಎರಡು ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಸರಳು) ಬಾಗುವುದು ಸಾಮಾನ್ಯ. ಉಕ್ಕಿನ ದಪ್ಪ ಕೊಳವೆಯದು ಬಾಗಿದರೆ ಬಾಗಿಯೇ ಇರುತ್ತದೆ, ಆದರೆ ಕಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡಿ ಮನೆ ಸೇರಬಹುದು. 7075 ದರ್ಜೆಯ ದಪ್ಪ ಅಲ್ಯೂಮಿನಿಯಮ್ ಸರಳು ಬಾಗಿ ಮತ್ತೆ ಪುಟಿದು ನೆಟ್ಟಗಾಗುತ್ತದೆ, ಹಗುರ ಕೂಡ. ಬಂಡೆಗೆ ಉಜ್ಜಿದಾಗ ಗಾಯ ಬೇಗ ಆಗುತ್ತದೆ, ಮಿತಿ ಮೀರಿದರೆ ಮುರಿಯಬಹುದು. ಉಕ್ಕಿನ ತುದಿ ಕೂರುವ ಅದರ ಥ್ರೆಡ್‌ಗಳಿಗೆ ಆಂಟಿ ಸೀಜ್ (ಅಂಟದಂತೆ ತಡೆಯುವ ಪೇಸ್ಟ್) ಹಚ್ಚದಿದ್ದರೆ ಎರಡು ವರ್ಷದಲ್ಲಿ ಅಂಟಿಕೊಂಡು ಅಲೈನ್‌ಮೆಂಟ್ ಮಾಡಲು ಆಗುವುದಿಲ್ಲ.

ಒಂದು ಮಾತು ಮರೆಯಬೇಡಿ. ಟೈ ರಾಡ್ ಒಂದು ಫ್ಯೂಸ್ ಇದ್ದ ಹಾಗೆ. ಅದನ್ನು ಬಾಗದಂತೆ ಮಾಡಿದರೆ ಏಟು ಮುಂದಿನ ದುರ್ಬಲ ಜಾಗಕ್ಕೆ ಹೋಗುತ್ತದೆ: ಸೆಕ್ಟರ್ ಶಾಫ್ಟ್, ನಕಲ್, ಸ್ಟೀರಿಂಗ್ ಬಾಕ್ಸ್ ಕೂರುವ ಚಾಸಿಸ್ ಭಾಗ. ಇವು ಕಾಡಿನ ನಡುವೆ ರಿಪೇರಿ ಆಗುವಂಥವಲ್ಲ. ನೆಟ್ಟಗಿರುವ ಹಳೆಯ ಟೈ ರಾಡನ್ನು ಗಾಡಿಯಲ್ಲೇ ಇಟ್ಟುಕೊಳ್ಳುವುದು ಎಷ್ಟೋ ಸಲ ದಪ್ಪದ್ದನ್ನು ಕೊಳ್ಳುವುದಕ್ಕಿಂತ ಜಾಣತನ.

ತುದಿಗಳ ವಿಷಯದಲ್ಲಿ ನನಗೆ ಅನುಮಾನವಿಲ್ಲ. ರಸ್ತೆಯ ಮೇಲೆ ಓಡುವ ಗಾಡಿಗೆ ಗ್ರೀಸ್ ತುಂಬುವ, ರಬ್ಬರ್ ಟೋಪಿ ಇರುವ ಟೈ ರಾಡ್ ಎಂಡ್. ಹೈಮ್ ಜಾಯಿಂಟ್ (ಮುಚ್ಚಳವಿಲ್ಲದ, ಬಳೆಯೊಳಗೆ ಗುಂಡು ಕೂತ ತುದಿ) ಹೆಚ್ಚು ಕೋನಕ್ಕೆ ತಿರುಗುತ್ತದೆ, ನೋಡಲೂ ಚೆಂದ. ಆದರೆ ಧೂಳು, ಕೆಸರು ನೇರ ಒಳಗೆ ಹೋಗುತ್ತದೆ, ಬೇಗ ಸವೆದು ಕಟಕಟ ಅನ್ನುತ್ತದೆ, ಕೆಲವು ದೇಶಗಳಲ್ಲಿ ರಸ್ತೆಗೆ ಅದನ್ನು ಒಪ್ಪುವುದೂ ಇಲ್ಲ.

ನಿಮ್ಮದು 1997ರಿಂದ 2006ರವರೆಗಿನ ರಾಂಗ್ಲರ್ ಟಿಜೆಯಂತೆ ಟೈ ರಾಡ್ ಬಂದು ಡ್ರ್ಯಾಗ್ ಲಿಂಕ್‌ಗೇ ಸೇರುವ ವೈ ಆಕಾರದ ಜೋಡಣೆಯಾದರೆ ಲೆಕ್ಕ ಬೇರೆ. ಅದರಲ್ಲಿ ಸಸ್ಪೆನ್ಷನ್ ಏರಿಳಿದಾಗಲೆಲ್ಲ ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಗೋ ಹೊರಗೋ ತಿರುಗಿರುವ ಕೋನ) ಬದಲಾಗುತ್ತದೆ. ಅಂಥ ಗಾಡಿಗೆ ಬರೀ ದಪ್ಪ ಸರಳು ಹಾಕುವುದಕ್ಕಿಂತ ನಕಲ್‌ನಿಂದ ನಕಲ್‌ಗೆ ನೇರ ಹೋಗುವ ಟೈ ರಾಡ್ ಜೋಡಣೆಗೆ ಬದಲಾಯಿಸುವುದು ದುಡ್ಡಿಗೆ ತಕ್ಕ ಕೆಲಸ.

ಹೈಡ್ರಾಲಿಕ್ ಸಹಾಯ

37 ಇಂಚಿನ ಟೈರ್, ಗಾಳಿ ಇಳಿಸಿದೆ, ಮುಂದಿನ ಲಾಕರ್ (ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗುವಂತೆ ಕಟ್ಟುವ ಸಾಧನ) ಹಾಕಿದೆ, ಎರಡು ಬಂಡೆಗಳ ನಡುವೆ ಚಕ್ರ ಸಿಕ್ಕಿದೆ. ಸ್ಟೀರಿಂಗ್ ಅಲ್ಲಾಡುವುದಿಲ್ಲ. ಇಂಥವರಿಗೆ ಟೈ ರಾಡನ್ನು ನೇರ ತಳ್ಳುವ ಹೈಡ್ರಾಲಿಕ್ ರ‍್ಯಾಮ್ ನಿಜಕ್ಕೂ ಬೇಕು. ಸ್ಟೀರಿಂಗ್ ಬಾಕ್ಸ್‌ನ ಹೊರೆಯೂ ಅದರಿಂದ ಇಳಿಯುತ್ತದೆ. ಆದರೆ ಬಾಕ್ಸ್‌ಗೆ ರಂಧ್ರ ಕೊರೆದು ಎಣ್ಣೆಯ ದಾರಿ ಮಾಡಬೇಕು, ದೊಡ್ಡ ಪಂಪ್ ಬೇಕು, ಎಣ್ಣೆ ತಂಪು ಮಾಡಲು ಕೂಲರ್ ಬೇಕು. 2018ರಲ್ಲಿ ಬಂದ ಜಿಮ್ನಿಯಂತೆ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಇರುವ ಗಾಡಿಗಳಲ್ಲಿ ಕೊರೆಯಲು ಎಣ್ಣೆಯೇ ಇಲ್ಲ. ಸ್ಟೀರಿಂಗ್ ಚಕ್ರಕ್ಕೂ ಟೈರಿಗೂ ನಡುವೆ ಕಬ್ಬಿಣದ ಸಂಬಂಧವೇ ಇಲ್ಲದ ಪೂರ್ತಿ ಹೈಡ್ರಾಲಿಕ್ ಸ್ಟೀರಿಂಗ್ ಟ್ರೇಲರ್ ಮೇಲೆ ಹೇರಿಕೊಂಡು ಹೋಗುವ ಸ್ಪರ್ಧೆಯ ಗಾಡಿಗಳಿಗೆ. ಪೈಪ್ ಒಡೆದರೆ ಸ್ಟೀರಿಂಗೇ ಇಲ್ಲ.

ಲೀಫ್ ಸ್ಪ್ರಿಂಗ್ ಮತ್ತು ಇಂಡಿಪೆಂಡೆಂಟ್

ಲೀಫ್ ಸ್ಪ್ರಿಂಗ್ ಗಾಡಿಗಳಲ್ಲಿ ಸಾಮಾನ್ಯವಾಗಿ ಟ್ರ್ಯಾಕ್ ಬಾರ್ ಇರುವುದಿಲ್ಲ, ಪಟ್ಟೆಗಳೇ ಆಕ್ಸಲ್ ಹಿಡಿಯುತ್ತವೆ. ಸುಜುಕಿ ಸಮುರಾಯ್‌ನಲ್ಲಿ ಡ್ರ್ಯಾಗ್ ಲಿಂಕ್ ಸ್ಪ್ರಿಂಗ್ ಹತ್ತಿರವೇ ಹಾದುಹೋಗುತ್ತದೆ. ಸ್ಪ್ರಿಂಗನ್ನು ಆಕ್ಸಲ್ ಮೇಲೆ ಕೂರಿಸಿ ಎತ್ತರಿಸಿದವರು ಇದನ್ನು ತೆಗೆದು ಸ್ಪ್ರಿಂಗ್ ಮೇಲಿನಿಂದ ಹೋಗುವ ನೇರ ಸರಳಿಗೆ ಬದಲಾಯಿಸುವುದೇ ಒಳ್ಳೆಯದು. 1979ರಿಂದ 1985ರವರೆಗಿನ ಟೊಯೋಟಾ ಪಿಕಪ್‌ನಲ್ಲಿ ಡ್ರ್ಯಾಗ್ ಲಿಂಕ್ ಹಿಂದೆಮುಂದೆ ತಳ್ಳುತ್ತದೆ. ಅಲ್ಲಿ ಅಡ್ಡಕ್ಕೆ ಹೋಗುವ ಕ್ರಾಸ್‌ಓವರ್ ಸ್ಟೀರಿಂಗ್ ಹಾಕಿದವರು ಹಳೆಯದಕ್ಕೆ ಮರಳುವುದಿಲ್ಲ.

ಇಂಡಿಪೆಂಡೆಂಟ್ ಗಾಡಿಗಳಲ್ಲಿ ನಿಯಮ ಸರಳ: ಟೈ ರಾಡ್ ಮತ್ತು ಕೆಳಗಿನ ಆರ್ಮ್‌ನ ಕೋನ ಜೊತೆಯಾಗಿರಬೇಕು. 2 ಇಂಚಿನವರೆಗೆ ಅಲೈನ್‌ಮೆಂಟ್ ಸಾಕಾಗುವುದೇ ಹೆಚ್ಚು. ಅದಕ್ಕಿಂತ ಮೇಲೆ ಸ್ಟೀರಿಂಗ್ ಜೊತೆಗೆ ಸಿವಿ ಜಾಯಿಂಟ್ (ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟ್‌ನ ಬಾಗುವ ಕೀಲು) ಕೂಡ ಕಾಡುತ್ತದೆ. ಡಿಫರೆನ್ಷಿಯಲ್ ಮತ್ತು ಕ್ರಾಸ್ ಮೆಂಬರ್ ಸಮೇತ ಇಳಿಸುವ ಬ್ರಾಕೆಟ್ ಕಿಟ್ ಕೋನಗಳನ್ನು ಕಾಪಾಡುತ್ತದೆ, ಆದರೆ ಅಷ್ಟೂ ಕಬ್ಬಿಣ ಕೆಳಗೆ ಜೋತು ಬೀಳುತ್ತದೆ. ದೊಡ್ಡ ಟೈರ್ ಬೇಕು, ಬಂಡೆ ಬೇಡ ಅನ್ನುವವರಿಗೆ ಅದು ಸರಿ.

ಹಾಗಾದರೆ ಯಾರಿಗೆ ಯಾವುದು

2 ಇಂಚು, ದಿನನಿತ್ಯದ ಓಡಾಟ: ಹೊಂದಿಸಬಹುದಾದ ಟ್ರ್ಯಾಕ್ ಬಾರ್, ಕ್ಯಾಸ್ಟರ್ ಸರಿ ಮಾಡುವುದು, ಅಲೈನ್‌ಮೆಂಟ್. ಉಳಿದ ದುಡ್ಡಿಗೆ ಹೊಸ ಬುಷ್. 3 ಇಂಚು, ಕೈ ಬಿಗಿ: ಡ್ರಾಪ್ ಪಿಟ್‌ಮನ್ ಆರ್ಮ್ ಮತ್ತು ಟ್ರ್ಯಾಕ್ ಬಾರ್ ಬ್ರಾಕೆಟ್ ಜೋಡಿ, ಎರಡಕ್ಕೂ ಆಗದಿದ್ದರೆ ಎರಡೂ ಬೇಡ. 4 ಇಂಚು, 35 ಇಂಚಿನ ಟೈರ್, ವಾರಾಂತ್ಯದ ಕಾಡು: ಫ್ಲಿಪ್, ಆಮೇಲೆ ದಪ್ಪ ಟೈ ರಾಡ್, ಸೆಕ್ಟರ್ ಶಾಫ್ಟ್‌ಗೆ ಆಸರೆ. ಅದಕ್ಕಿಂತ ದೊಡ್ಡ ಟೈರ್ ಹಾಕಿ ಬಂಡೆಗೇ ಹೋಗುವವರು ಹೈಡ್ರಾಲಿಕ್ ಸಹಾಯದ ಲೆಕ್ಕವನ್ನು ಮೊದಲ ದಿನದಿಂದಲೇ ಬಜೆಟ್‌ನಲ್ಲಿ ಇಡಿ.

ಯಾವುದೇ ಹಾಕಿಸಿ, ಗಾಡಿ ಬಿಡಿಸಿಕೊಳ್ಳುವ ಮೊದಲು ಸ್ಪ್ರಿಂಗ್ ತೆಗೆದು ಆಕ್ಸಲನ್ನು ಜ್ಯಾಕ್ ಮೇಲೆ ಪೂರ್ತಿ ಮೇಲಕ್ಕೆ, ಪೂರ್ತಿ ಕೆಳಕ್ಕೆ ಒಯ್ದು, ಪ್ರತಿ ಸಲವೂ ಸ್ಟೀರಿಂಗ್ ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ನೋಡಲು ಹೇಳಿ. ಬ್ರೇಕ್ ಪೈಪ್ ಎಳೆಯುತ್ತದೆಯೇ, ಸರಳು ಎಲ್ಲಾದರೂ ತಾಗುತ್ತದೆಯೇ ನೋಡಿ. ರಬ್ಬರ್ ಬುಷ್ ಇರುವ ಬೋಲ್ಟ್‌ಗಳನ್ನು ಗಾಡಿಯ ತೂಕ ಚಕ್ರದ ಮೇಲೆ ಬಂದ ನಂತರವೇ ಟಾರ್ಕ್ ರೆಂಚ್‌ನಿಂದ ಬಿಗಿಸಿ, ಬೋಲ್ಟ್ ತಲೆಯಿಂದ ಬ್ರಾಕೆಟ್‌ವರೆಗೆ ಬಿಳಿ ಪೇಂಟಿನ ಒಂದು ಗೆರೆ ಎಳೆಯಿರಿ. ನೂರಿನ್ನೂರು ಕಿ.ಮೀ. ಓಡಿಸಿದ ಮೇಲೆ ಮತ್ತೆ ಕೆಳಗೆ ತೂರಿ ನೋಡಿ. ಗೆರೆ ತುಂಡಾಗಿದ್ದರೆ ಬೋಲ್ಟ್ ತಿರುಗಿದೆ.